ಕುಲುಮೆ ಆರಿದ ಮೇಲೆ ಉಳಿದ ಗಂಟು

ಬೀದಿಯ ಬಟ್ಟೆಗಳಿಗೆ ಮಸಿ ಹತ್ತುವುದು ನಿಂತು ಐದು ತಿಂಗಳಾಗಿತ್ತು. ಮೊದಲಾದರೆ ಗಾಳಿ ತಿರುಗಿತೆಂದರೆ ಸಾಕು, ಹೆಂಗಸರೆಲ್ಲ ಕೈಲಿದ್ದ ಕೆಲಸ ಬಿಟ್ಟು ಓಡಿಬಂದು ತಂತಿಯ ಮೇಲಿನ ಬಟ್ಟೆ ಬಾಚಿಕೊಳ್ಳುತ್ತಿದ್ದರು. ಈ ಹಾಳು ಚಿಮಣಿ ಬಿದ್ದುಹೋಗಬಾರದಾ ಎಂದು ಬೈಯುತ್ತಿದ್ದರು. ಈಗ ಬಿಳಿ ಬಟ್ಟೆ ಸಂಜೆಯವರೆಗೂ ಬೆಳ್ಳಗೇ ಇರುತ್ತಿತ್ತು. ಅದನ್ನು ನೋಡಿ ಖುಷಿಪಡುವವರು ಮಾತ್ರ ಆ ಬೀದಿಯಲ್ಲಿ ಒಬ್ಬರೂ ಇರಲಿಲ್ಲ.

ಅದು ಗಾಜಿನ ಕಾರ್ಖಾನೆಯ ಬೀದಿ. ಎರಡು ಸಾಲು ಮನೆ, ನಡುವೆ ಇಟ್ಟಿಗೆ ಹಾಸಿದ ದಾರಿ, ದಾರಿಯ ತುದಿಗೆ ಕಬ್ಬಿಣದ ಗೇಟು. ಔಷಧಿ ತುಂಬುವ ಕಂದು ಬಾಟಲಿಗಳು ಅಲ್ಲಿ ತಯಾರಾಗುತ್ತಿದ್ದವು. ಹೆಚ್ಚಿನ ಗಂಡಸರು ಕುಲುಮೆಗೆ, ಹೆಚ್ಚಿನ ಹೆಂಗಸರು ತಪಾಸಣೆಗೆ.

ಚೋಟಮ್ಮ ಹತ್ತೊಂಬತ್ತು ವರ್ಷ ತಪಾಸಣೆಯ ಬೆಂಚಿನಲ್ಲಿ ಕೂತವಳು. ಅದು ಅವಳ ಹೆಸರಲ್ಲ. ಬೆಂಚಿನಲ್ಲೆಲ್ಲ ಅವಳೇ ಗಿಡ್ಡ; ಕೂತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಹಾಗೆಂದು ಜೊತೆಯವರು ಇಟ್ಟ ಅಡ್ಡಹೆಸರು ಮನೆಯವರೆಗೂ ನಡೆದುಬಂದು, ಕೊನೆಗೆ ಗಂಡನೂ ಹಾಗೇ ಕರೆಯತೊಡಗಿದ್ದ. ಅವಳ ಕಣ್ಣೆದುರು ಬೆಳಕಿನ ಹಲಗೆ. ಅದರ ಮುಂದೆ ಸಾಲಾಗಿ ಸಾಗುವ ಬಾಟಲಿಗಳು. ಗುಳ್ಳೆ ಇದ್ದದ್ದು, ಬಿರುಕು ಬಿಟ್ಟದ್ದು, ಒಳಗೆ ಹರಳು ಸಿಕ್ಕಿಕೊಂಡದ್ದು ಕಂಡರೆ ತಟ್ಟನೆ ಎತ್ತಿ ಪಕ್ಕದ ಡಬ್ಬಕ್ಕೆ ಹಾಕಬೇಕು. ಕಣ್ಣು ಮಿಟುಕಿಸುವುದಕ್ಕೂ ಪುರುಸೊತ್ತಿಲ್ಲದ ಕೆಲಸ.

ಅವಳ ಗಂಡ ಕುಲುಮೆಯವನು. ಉರಿಯುವ ಕುಲುಮೆಯ ಬಾಯಿಗೆ ಇಣುಕಿ ಇಣುಕಿ ಅವನ ಹುಬ್ಬು ಸುಟ್ಟುಹೋಗಿ ಎಷ್ಟೋ ವರ್ಷವಾಗಿತ್ತು. ಕೆಲಸ ನಿಂತ ಮೇಲೆ ಅವು ಮತ್ತೆ ಚಿಗುರಿದವು. ಹನ್ನೊಂದು ವರ್ಷದ ಮಗಳು ಅಪ್ಪನ ಹುಬ್ಬು ನೋಡಿದ್ದು ಅದೇ ಮೊದಲು.

"ಅಮ್ಮ, ಅಪ್ಪ ಯಾರೋ ನೆಂಟರ ತರ ಕಾಣ್ತಾರೆ," ಎಂದಳು.

ಚೋಟಮ್ಮ ನಕ್ಕಳು. ಆಮೇಲೆ ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಯನ್ನೇ ಇನ್ನೊಂದು ಸಲ ತೊಳೆದಳು.

ಆ ಬೀದಿಯವರಿಗೆ ಒಂದು ರೂಢಿಯಿತ್ತು. ಸಂಬಳದ ಹತ್ತರಲ್ಲಿ ಎರಡು ಪಾಲು ಕೈಗೆ ಬರುವ ಮೊದಲೇ ಅದೇ ಕಾರ್ಖಾನೆಯ ಶೇರಿಗೆ ಹೋಗುತ್ತಿತ್ತು. ಯಾರೂ ಒತ್ತಾಯ ಮಾಡಿದ್ದಲ್ಲ, ತಾವೇ ಬರೆದುಕೊಟ್ಟದ್ದು. ಮಗು ಹುಟ್ಟಿದರೆ ಅದರ ಹೆಸರಿಗೆ ಹತ್ತು ಶೇರು ಕೊಂಡು, ಆ ಕಾಗದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದರು. ನಾವು ಬರೀ ಕೆಲಸದವರಲ್ಲ, ಪಾಲುದಾರರು ಎಂಬ ಹೆಮ್ಮೆ. ಕಣ್ಣಾರೆ ಕಾಣುವ ಕುಲುಮೆ, ಕೈಯಾರೆ ಮಾಡುವ ಬಾಟಲಿ. ಇದಕ್ಕಿಂತ ಭದ್ರವಾದದ್ದು ಬೇರೇನಿದೆ ಎಂದೇ ಎಲ್ಲರೂ ತಿಳಿದಿದ್ದರು.

ಔಷಧಿ ಕಂಪನಿಗಳು ಒಂದೊಂದಾಗಿ ಪ್ಲಾಸ್ಟಿಕ್ ಬಾಟಲಿಗೆ ಹೋದವು. ಗ್ಯಾಸಿನ ಬಿಲ್ಲು ಕಟ್ಟಲಾಗದೆ ಒಂದು ಬೆಳಿಗ್ಗೆ ಕುಲುಮೆ ಆರಿತು. ಆ ವಾರವೇ ಸಂಬಳ ನಿಂತಿತು. ಆ ವಾರವೇ ಶೇರಿನ ಬೆಲೆಯೂ ನೆಲ ಕಚ್ಚಿತು. ಒಂದು ಶೇರು ಮಾರಿದರೆ ಬಾಟಲಿಯ ಮುಚ್ಚಳವೂ ಬರುತ್ತಿರಲಿಲ್ಲ. ದುಡಿಮೆ, ಉಳಿತಾಯ ಎರಡನ್ನೂ ಒಂದೇ ಕಂಬಕ್ಕೆ ಕಟ್ಟಿದ್ದರು. ಕಂಬ ಬಿತ್ತು.

ಐದು ತಿಂಗಳ ಮೇಲೆ ಒಂದು ಸೋಮವಾರ ಲೆಕ್ಕ ಚುಕ್ತಾದ ಹಣ ಬಂತು. ಗಂಡ ಹೆಂಡತಿ ಇಬ್ಬರದೂ ಸೇರಿ ಇಪ್ಪತ್ತೆರಡು ತಿಂಗಳ ಸಂಬಳದಷ್ಟು. ಅವರ ಬದುಕಿನಲ್ಲಿ ಉಳಿದದ್ದು ಅಷ್ಟೇ. ಅದರ ಹಿಂದೆಯೇ ಕಾರ್ಖಾನೆಯಿಂದ ಒಂದು ಪತ್ರವೂ ಬಂತು. ಕುಲುಮೆಯನ್ನು ಮತ್ತೆ ಹೊತ್ತಿಸಲು ಹೊಸ ಶೇರು ಮಾರುತ್ತಿದ್ದೇವೆ, ಕೊಂಡವರನ್ನು ಮೊದಲು ಕೆಲಸಕ್ಕೆ ಕರೆಯುತ್ತೇವೆ, ಶುಕ್ರವಾರ ಸಂಜೆ ಕೊನೆ ಎಂದು ಅದರಲ್ಲಿತ್ತು.

ಹಣವಿದ್ದದ್ದು ಇಬ್ಬರ ಜಂಟಿ ಖಾತೆಯಲ್ಲಿ. ಇಬ್ಬರ ಸಹಿಯೂ ಬೇಕು. ಗಂಡ ತನ್ನ ಸಹಿ ಹಾಕಿ, ಕಾಗದವನ್ನು ಮೇಜಿನ ಮೇಲೆ ಅವಳ ಕಡೆಗೆ ತಳ್ಳಿದ.

"ಎಲ್ಲಾನೂ ಹಾಕ್ಬೇಕಾ?" ಎಂದಳು ಚೋಟಮ್ಮ.

"ಎಲ್ಲಾನೂ. ಅರ್ಧ ಹಾಕಿದೋರನ್ನ ಅರ್ಧ ದಿನ ಕೆಲಸಕ್ಕೆ ಕರೀತಾರಾ?"

"ಅದೂ ಹೋದ್ರೆ?"

"ಹೋದ್ರೆ ಹೋಗುತ್ತೆ ಅಂತ ಮೊದಲೇ ಬಾಯಿಗೆ ಯಾಕೆ ತರ್ತೀಯ?"

ಬಾಗಿಲಲ್ಲಿ ಭಾವ ನಿಂತಿದ್ದರು. ಗಂಡನ ಅಣ್ಣ, ಪ್ಯಾಕಿಂಗ್ ವಿಭಾಗದ ಮೇಸ್ತ್ರಿ. ಬೀದಿಯಲ್ಲಿ ಯಾರೂ ನಗದ ಆ ದಿನಗಳಲ್ಲೂ ಅವರು ಒಬ್ಬರು ನಗಿಸುತ್ತಿದ್ದರು.

"ಏನಮ್ಮ ಚೋಟು, ಸಹಿ ಹಾಕೋಕೆ ಕೈ ಎಟುಕ್ತಿಲ್ವಾ? ಸ್ಟೂಲ್ ತರ್ಲಾ?"

"ನೀವು ಹಾಕಿದ್ರಾ ಭಾವ?"

"ಹಾಕಿ ಆಯ್ತು. ಪಟ್ಟೀಲಿ ಮೂರನೇ ಹೆಸರು ನಂದು. ಕಾಗದ ಬಂದ ದಿನಾನೇ ಇವನ್ನ ಕೇಳ್ದೆ, ಏನೋ, ಹಾಕ್ಲಾ ಅಂತ. ಕುಲುಮೆಯವನೇ ಸುಮ್ನಿದ್ದಾನೆ ಅಂದ್ಮೇಲೆ ಇನ್ನೇನು ಅನುಮಾನ?"

ಗಂಡ ಕಿಟಕಿಯ ಕಡೆ ನೋಡುತ್ತಿದ್ದ.

ಚೋಟಮ್ಮ ಕಾಗದವನ್ನು ಮಡಿಸಿಟ್ಟಳು. "ನಾಳೆ ನಾಡಿದ್ದರಲ್ಲಿ ಹೇಳ್ತೀನಿ," ಎಂದಳು.

ಮರುದಿನ ಮಧ್ಯಾಹ್ನ ಒಂದು ಬುಟ್ಟಿ ಹಸಿ ಬಟಾಣಿ ಎತ್ತಿಕೊಂಡು ಅವಳು ಬೀದಿಯ ಕೊನೆಯ ಮನೆಗೆ ಹೋದಳು. ಅಲ್ಲಿ ಗುಳ್ಳೆ ಅಕ್ಕ ಒಬ್ಬಳೇ ಇದ್ದಳು. ಬೆಂಚಿನಲ್ಲಿ ಚೋಟಮ್ಮನ ಪಕ್ಕ ಕೂತವಳು. ಸಾಸಿವೆಯಷ್ಟು ಗುಳ್ಳೆಯೂ ಅವಳ ಕಣ್ಣು ತಪ್ಪಿಸಿ ಹೋದದ್ದಿಲ್ಲ. ಅದಕ್ಕೇ ಆ ಹೆಸರು. ಅದೇ ಬೆಳಕು ನೋಡಿ ನೋಡಿ ಈಗ ಅವಳ ಬಲಗಣ್ಣು ಮಂಜಾಗಿತ್ತು. ಹನ್ನೆರಡು ವರ್ಷದ ಹಿಂದೆ ಅವಳು ಕಾರ್ಖಾನೆಯ ಶೇರು ಕೊಳ್ಳುವುದನ್ನು ನಿಲ್ಲಿಸಿ, ಆ ಹಣವನ್ನು ದೂರದ ದೇಶಗಳ ಕಂಪನಿಗಳಿಗೆ ಹಾಕತೊಡಗಿದ್ದಳು. ಬೀದಿಯೆಲ್ಲ ಅದನ್ನು ಆಡಿಕೊಂಡು ನಕ್ಕಿತ್ತು.

"ಅಕ್ಕ, ನಿನ್ನ ದುಡ್ಡಿನ ವಿಷಯ ಕೇಳೋಕೆ ಬಂದೆ. ಬೇಜಾರು ಮಾಡ್ಕೋಬೇಡ."

"ಹನ್ನೆರಡು ವರ್ಷ ನಕ್ಕೋರು ಈಗ ಕೇಳೋಕೆ ಬಂದ್ರಾ?"

"ನಾನೂ ನಕ್ಕಿದ್ದೆ."

"ಗೊತ್ತು. ಎಲ್ಲರಿಗಿಂತ ನಿಂದೇ ಜೋರು. ಕೂತ್ಕೋ, ಆ ಬಟಾಣಿ ಇತ್ತ ಕೊಡು."

ಇಬ್ಬರೂ ನೆಲದ ಮೇಲೆ ಕೂತು ಸಿಪ್ಪೆ ಬಿಡಿಸತೊಡಗಿದರು. ಚೋಟಮ್ಮ ಪತ್ರದ ವಿಷಯ ಹೇಳಿದಳು. ಗುಳ್ಳೆ ಅಕ್ಕ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು:

"ಹನ್ನೆರಡು ವರ್ಷದ ಹಿಂದೆ ಔಷಧಿ ಕಂಪನಿಯೋರು ಬೆಂಚು ನೋಡೋಕೆ ಬಂದಿದ್ರು, ನೆನಪಿದ್ಯಾ?"

"ಬೂಟಿಗೆ ಪ್ಲಾಸ್ಟಿಕ್ ಚೀಲ ಕಟ್ಕೊಂಡು ಬಂದಿದ್ರಲ್ಲ."

"ಅವರೇ. ಹೋಗೋವಾಗ ಒಂದು ಪ್ಲಾಸ್ಟಿಕ್ ಬಾಟಲಿ ಮರೆತು ಹೋದ್ರು. ನಾನು ಅದನ್ನ ಮನೆಗೆ ತಂದು ಎತ್ತರದಿಂದ ಕೆಳಗೆ ಹಾಕ್ದೆ. ಒಡೀಲಿಲ್ಲ. ಐದು ಸಲ ಹಾಕ್ದೆ. ಒಡೀಲೇ ಇಲ್ಲ. ಇನ್ಮೇಲೆ ನಮ್ಮ ಗಾಜು ಯಾರು ಕೊಳ್ತಾರೆ ಅನ್ನಿಸ್ತು. ಆ ತಿಂಗಳಿಂದಾನೇ ಶೇರಿಗೆ ಹಿಡಿಯೋದನ್ನ ನಿಲ್ಸಿ ಅಂತ ಬರೆದುಕೊಟ್ಟೆ."

"ನಮಗೆ ಯಾಕೆ ಹೇಳ್ಲಿಲ್ಲ?"

"ಹೇಳ್ದೆ. ನಕ್ರಿ."

ಚೋಟಮ್ಮ ಒಂದು ಬಟಾಣಿಯನ್ನು ಬೆರಳಲ್ಲಿ ಉರುಳಿಸುತ್ತ ಕೂತಳು. "ಶೇರು ಅಂದ್ರೇನೇ ಈಗ ಮೈ ಉರಿಯುತ್ತೆ ಅಕ್ಕ. ಒಂದು ಸಲ ಕೈ ಸುಟ್ಕೊಂಡಾಯ್ತು. ಕಣ್ಣೆದುರಿಗಿದ್ದ ಕಾರ್ಖಾನೆನೇ ಹೀಗಾಯ್ತು. ಇನ್ನು ಕಾಣದ ದೇಶದ ಕಂಪನಿನ ನಂಬು ಅಂದ್ರೆ ಹೇಗೆ?"

"ಒಂದು ಕಂಪನಿನ ನಂಬು ಅಂತ ನಾನೂ ಹೇಳಲ್ಲ. ನಂದಿರೋದು ಇಂಡೆಕ್ಸ್ ಫಂಡ್ ಅಂತ. ಅದು ಒಂದು ದೊಡ್ಡ ಚೀಲ ಇದ್ದಂಗೆ. ಹತ್ತಾರು ದೇಶದ ಸಾವಿರಾರು ಕಂಪನಿಗಳ ಶೇರು ಅದರಲ್ಲಿ ಚೂರು ಚೂರು ಇರುತ್ತೆ. ಔಷಧಿಯೋರು, ಹಡಗಿನೋರು, ಸಾಬೂನಿನೋರು, ಕಂಪ್ಯೂಟರಿನೋರು. ನಾನು ತಿಂಗಳಿಗೆ ಇಷ್ಟು ಅಂತ ಹಾಕಿದ್ರೆ ಆ ಎಲ್ಲದರಲ್ಲೂ ನಂಗೆ ಸಾಸಿವೆಯಷ್ಟು ಪಾಲು. ಒಂದು ಮುಳುಗಿದ್ರೆ ಇನ್ನೊಂದು ತೇಲುತ್ತೆ. ಒಂದು ದೇಶಕ್ಕೆ ಕೆಟ್ಟ ಕಾಲ ಬಂದ್ರೆ ಇನ್ನೊಂದು ದೇಶ ನಡೀತಿರುತ್ತೆ. ಎಲ್ಲಾ ಊರಿನ ಕುಲುಮೆನೂ ಒಂದೇ ದಿನ ಆರಲ್ಲ ಅಲ್ವಾ?"

"ಆ ಪ್ಲಾಸ್ಟಿಕ್ ಬಾಟಲಿಯೋರೂ ಅದರಲ್ಲಿದ್ದಾರಾ?"

ಗುಳ್ಳೆ ಅಕ್ಕನ ಕೈ ನಿಂತಿತು. "ಇದ್ದಾರೆ," ಎಂದಳು.

"ಥೂ. ನಮ್ಮ ಹೊಟ್ಟೆ ಮೇಲೆ ಹೊಡೆದೋರ ದುಡ್ಡು ತಿಂತೀಯಾ?"

"ತಿಂದೆ. ಕುಲುಮೆ ಆರಿದ ಮೇಲೆ ನಾಲ್ಕು ತಿಂಗಳು ನನ್ನ ಒಲೆ ಉರಿದಿದ್ದು ಅದರಿಂದಾನೇ. ಮೊದಲ ದಿನ ತುತ್ತು ಗಂಟಲಲ್ಲಿ ಇಳೀಲಿಲ್ಲ. ಎರಡನೇ ದಿನ ಇಳೀತು." ಅವಳ ದನಿಯಲ್ಲಿ ಏರುಪೇರಿರಲಿಲ್ಲ. "ನಾನೇನು ಜಾಣೆ ಅಂತ ತಿಳ್ಕೋಬೇಡ. ನಾನೂ ತಪ್ಪು ಮಾಡಿದೀನಿ. ಅಷ್ಟೂ ದುಡ್ಡು ಅದರಲ್ಲೇ ಇಟ್ಟಿದ್ದೆ. ಕೈಯಲ್ಲಿ ಚಿಲ್ಲರೆ ಇಟ್ಕೊಂಡಿರ್ಲಿಲ್ಲ. ಕೆಲಸ ಹೋದ ಸಮಯಕ್ಕೆ ಸರಿಯಾಗಿ ಅದರ ಬೆಲೆನೂ ಇಳಿದಿತ್ತು. ಹೊಟ್ಟೆಪಾಡಿಗೆ ಅಂತ ಇಳಿದಾಗಲೇ ಮಾರ್ಬೇಕಾಯ್ತು. ಕಣ್ಣಿನ ಆಪರೇಷನ್ನಿಗೆ ಅಂತ ಅಂದ್ಕೊಂಡಿದ್ದು ಹಾಗೇ ಕರಗಿಹೋಯ್ತು."

"ಇಳಿಯುತ್ತೆ ಅಂತ ನೀನೇ ಹೇಳ್ತೀಯ. ಮತ್ತೆ ನಮಗೆ ಹಾಕು ಅಂತೀಯ."

"ಇಳಿಯುತ್ತೆ. ಒಂದು ಸಲ ನಂದು ಮೂರರಲ್ಲಿ ಒಂದು ಪಾಲು ಹೋಗಿತ್ತು. ಮತ್ತೆ ಏರೋಕೆ ವರ್ಷಗಟ್ಟಲೆ ಹಿಡಿಯಬಹುದು. ಆ ದೇಶಗಳ ದುಡ್ಡಿಗೂ ನಮ್ಮ ದುಡ್ಡಿಗೂ ಬೆಲೆ ಹೆಚ್ಚುಕಮ್ಮಿ ಆದ್ರೂ ಏಟು ಬೀಳುತ್ತೆ. ಇಷ್ಟು ಬಂದೇ ಬರುತ್ತೆ ಅಂತ ಯಾರಾದ್ರೂ ಆಣೆ ಇಟ್ಟು ಹೇಳಿದ್ರೆ ಅವನ ಮನೆ ಬಾಗಿಲು ತುಳೀಬೇಡ. ಹದಿನೈದು, ಇಪ್ಪತ್ತು ವರ್ಷ ಮುಟ್ಟದೆ ಇರೋ ದುಡ್ಡಿಗೆ ಮಾತ್ರ ಇದು. ವಯಸ್ಸಾದ ಮೇಲಿನ ಅನ್ನಕ್ಕೆ. ನಿಂಗೆ ನಲವತ್ತು, ಅವನಿಗೆ ನಲವತ್ತನಾಲ್ಕು. ಕಾಯೋಕೆ ಕಾಲ ಇದೆ."

"ಕಾಯೋಕೆ ಶಕ್ತಿ ಬೇಕಲ್ಲ," ಎಂದಳು ಚೋಟಮ್ಮ.

ಗುಳ್ಳೆ ಅಕ್ಕ ಸುಲಿದ ಬಟಾಣಿಯಲ್ಲಿ ಹುಳ ತಿಂದದ್ದನ್ನು ಹುಡುಕಿ ಹುಡುಕಿ ಬೇರೆ ಹಾಕುತ್ತಿದ್ದಳು. ಬಲಗಣ್ಣು ಮಂಜಾದರೂ ಒಂದನ್ನೂ ಬಿಡಲಿಲ್ಲ.

ಗುರುವಾರ ಸಂಜೆ ಚೋಟಮ್ಮ ಗುಳ್ಳೆ ಅಕ್ಕನನ್ನು ಮನೆಗೆ ಕರೆದಳು. ಭಾವನೂ ಬಂದಿದ್ದರು. ಮಗಳು ಮೂಲೆಯಲ್ಲಿ ಪಾಠ ಬರೆಯುತ್ತಿದ್ದಳು. ಚಹಾ ಲೋಟಗಳು ಮೇಜಿನ ಮೇಲಿದ್ದವು. ಪತ್ರವೂ ಅಲ್ಲೇ ಇತ್ತು, ಒಂದೇ ಸಹಿಯೊಂದಿಗೆ.

"ಓಹೋ, ಪರದೇಶದ ಸಾಹುಕಾರ್ತಿ ಬಂದ್ರು," ಎಂದರು ಭಾವ. "ನಿಮ್ಮ ಹಡಗು ಎಲ್ಲಿ ಬಂತಮ್ಮ?"

"ಬಂದಿಲ್ಲಪ್ಪ. ಬಂದ್ರೆ ಮೂಟೆ ಇಳಿಸೋಕೆ ನಿಮ್ಮನ್ನೇ ಕರೀತೀನಿ. ಹೇಗೂ ಕೆಲಸ ಇಲ್ವಲ್ಲ."

ಭಾವ ಗಟ್ಟಿಯಾಗಿ ನಕ್ಕರು. ಗಂಡ ನಗಲಿಲ್ಲ.

ಗುಳ್ಳೆ ಅಕ್ಕ ಎಲ್ಲವನ್ನೂ ಇನ್ನೊಂದು ಸಲ ನಿಧಾನವಾಗಿ ಹೇಳಿದಳು. ಮೊದಲು ಒಂದು ವರ್ಷದ ಮನೆಖರ್ಚು ಬ್ಯಾಂಕಿನಲ್ಲಿ ಬೇರೆ ಇಡಬೇಕು, ಅದನ್ನು ಮುಟ್ಟಬಾರದು. ಮಗಳ ಮುಂದಿನ ಐದಾರು ವರ್ಷದ ಓದಿನ ಹಣವೂ ಬ್ಯಾಂಕಿನಲ್ಲೇ ಇರಲಿ, ಶೇರಿನ ಕಡೆ ಹೋಗದಿರಲಿ. ಉಳಿದದ್ದನ್ನು ಒಂದೇ ಸಲ ಸುರಿಯದೆ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಹಾಕಬೇಕು.

ಗಂಡ ಕೇಳಿಸಿಕೊಳ್ಳುತ್ತಲೇ ಕೆಂಪಾಗುತ್ತಿದ್ದ.

"ನಮ್ಮಪ್ಪನೂ ಅದೇ ಕುಲುಮೆಯಲ್ಲಿ ದುಡಿದ. ನಾನೂ ದುಡಿದೆ. ಈಗ ಅದಕ್ಕೆ ಕಷ್ಟ ಬಂತು ಅಂತ ಬೆನ್ನು ತಿರುಗಿಸಿ, ಮುಖ ನೋಡದೋರ ಕೈಗೆ ದುಡ್ಡು ಕೊಡ್ಬೇಕಾ? ಈ ಮನೇಲಿ ಋಣ ಅನ್ನೋದು ಯಾರಿಗಾದ್ರೂ ಇದೆಯಾ?"

"ಋಣ ಇದೆ," ಎಂದಳು ಚೋಟಮ್ಮ. "ನನ್ನ ಕಣ್ಣು ಕೊಟ್ಟಿದೀನಿ. ನಿಮ್ಮ ಎದೆ ನೋಡಿ, ರಾತ್ರಿಯೆಲ್ಲ ಕೆಮ್ಮುತ್ತೆ. ಇನ್ನೆಷ್ಟು ತೀರಿಸ್ಬೇಕು?"

"ಕುಲುಮೆ ಹೊತ್ಕೊಂಡ್ರೆ ಎಲ್ಲಾ ಸರಿಹೋಗುತ್ತೆ."

ಅವಳು ಪತ್ರವನ್ನು ಅವನ ಮುಂದೆ ಇಟ್ಟು, ಮೇಲೆ ಪೆನ್ನು ಇಟ್ಟಳು.

"ಸರಿ. ನಂಗೆ ಶೇರು ಗೊತ್ತಿಲ್ಲ, ಪರದೇಶ ಗೊತ್ತಿಲ್ಲ. ನಿಮಗೆ ಕುಲುಮೆ ಗೊತ್ತು. ಈ ಬೀದೀಲಿ ನಿಮ್ಮಷ್ಟು ಗೊತ್ತಿರೋರು ಇನ್ನೊಬ್ಬರಿಲ್ಲ. ಆ ಕುಲುಮೆ ಮತ್ತೆ ಹೊತ್ಕೊಳ್ಳುತ್ತೆ ಅಂತ ಮಗಳ ತಲೆ ಮೇಲೆ ಕೈಯಿಟ್ಟು ಹೇಳಿ. ಈಗ್ಲೇ ಸಹಿ ಹಾಕ್ತೀನಿ. ಒಂದು ಮಾತೂ ಕೇಳಲ್ಲ."

ಮಗಳು ಪೆನ್ಸಿಲ್ ಕೆಳಗಿಟ್ಟಳು. ಅವನು ಅವಳ ಕಡೆ ನೋಡಿದ. ಕೈ ಮೇಲೇಳಲಿಲ್ಲ.

"ಹೇಳೋ," ಎಂದರು ಭಾವ. ಇನ್ನೂ ನಗುತ್ತಲೇ ಇದ್ದರು. "ಅದಕ್ಕೇನಂತೆ, ಹೇಳ್ಬಿಡು."

ಅವನು ತನ್ನ ಹುಬ್ಬು ಉಜ್ಜಿಕೊಂಡ. ಹೊಸದಾಗಿ ಬಂದ ಕೂದಲು ಅವನಿಗೇ ಪರಿಚಯವಿಲ್ಲದಂತೆ ಬೆರಳಿಗೆ ಚುಚ್ಚುತ್ತಿತ್ತು.

"ಅವತ್ತು ಬೆಳಿಗ್ಗೆ ಹತ್ತಕ್ಕೆ ಗ್ಯಾಸ್ ನಿಂತ್ಹೋಯ್ತು," ಎಂದ. "ಒಳಗೆ ಕುಲುಮೆ ತುಂಬ ಗಾಜು. ಬಿಸಿ ಇರುವಾಗಲೇ ಅದನ್ನ ಹೊರಗೆ ಹರಿಸಿಬಿಡ್ಬೇಕು. ಹರಿಸ್ತೀನಿ ಅಂದೆ. ಮ್ಯಾನೇಜರು, ಬೇಡ, ಸಂಜೆಯೊಳಗೆ ಗ್ಯಾಸ್ ಬರುತ್ತೆ, ಅಷ್ಟು ಗಾಜು ಯಾಕೆ ಹಾಳು ಮಾಡ್ತೀಯ ಅಂದ್ರು. ಕಾದೆ. ಸಂಜೆಗೆ ಅದು ಜೇನಿನ ತರ ಗಟ್ಟಿಯಾಯ್ತು. ಮಾರನೇ ದಿನ ಕಲ್ಲಾಯ್ತು. ಮೂರನೇ ದಿನ ಒಳಗಿನ ಇಟ್ಟಿಗೆ ಒಡೆಯೋಕೆ ಶುರುವಾಯ್ತು. ಒಂದೊಂದೇ. ಪಟಾಕಿ ಹೊಡೆದಂಗೆ ಸದ್ದು. ನಾನೊಬ್ನೇ ನಿಂತ್ಕೊಂಡು ಕೇಳ್ದೆ."

"ಅಂದ್ರೆ?" ಎಂದಳು ಚೋಟಮ್ಮ.

"ಗಾಜು ಹೆಪ್ಪುಗಟ್ಟಿದ ಕುಲುಮೆನ ಯಾರೂ ಹೊತ್ತಿಸೋಕಾಗಲ್ಲ. ಒಡೆದು ಬಿಸಾಕಿ ಹೊಸದು ಕಟ್ಬೇಕು. ನಾವೆಲ್ಲ ಹಾಕಿದ್ರೂ ಅದರ ಹತ್ತರಲ್ಲಿ ಒಂದು ಪಾಲಿಗೂ ಸಾಲಲ್ಲ. ಅದು ಸತ್ತಿದೆ. ಅವತ್ತೇ ಸತ್ತಿದೆ."

ಭಾವನ ಮುಖದ ನಗು ತಕ್ಷಣ ಹೋಗಲಿಲ್ಲ. ಅದು ಅಲ್ಲೇ ಸ್ವಲ್ಪ ಹೊತ್ತು ಉಳಿದಿತ್ತು, ಒಳಗೆ ಯಾರೂ ಇಲ್ಲದ ಮನೆಯಲ್ಲಿ ದೀಪ ಉರಿದ ಹಾಗೆ.

"ನಿಂಗೆ ಗೊತ್ತಿತ್ತಾ?" ಎಂದರು.

"ಗೊತ್ತಿತ್ತಣ್ಣ."

"ನಾನು ಬಂದು ಕೇಳ್ದೆ. ಹಾಕ್ಲಾ ಅಂತ ಕೇಳ್ದೆ."

"ಕೇಳ್ದೆ."

"ಮತ್ತೆ ಯಾಕೋ ಸುಮ್ನಿದ್ದೆ?"

"ಬಾಯಿಬಿಟ್ಟು ಹೇಳಿದ್ರೆ ನಿಜ ಆಗಿಬಿಡುತ್ತೆ ಅಂತ ಭಯ ಆಯ್ತಣ್ಣ. ನೀನು ಹಾಕ್ದೆ ಅಂದಾಗ, ಅಣ್ಣನೇ ಹಾಕಿದಾನೆ ಅಂದ್ಮೇಲೆ ನಂಗೆ ಗೊತ್ತಿರೋದೇ ತಪ್ಪಿರಬಹುದು ಅಂತ ಅನ್ನಿಸ್ತು. ಅದನ್ನೇ ಹಿಡ್ಕೊಂಡು ನಾನೂ ಸಹಿ ಹಾಕ್ದೆ."

ಅಣ್ಣ ತಮ್ಮನನ್ನು ನಂಬಿ ಹಣ ಹಾಕಿದ್ದ. ತಮ್ಮ ಅಣ್ಣನನ್ನು ನೋಡಿ ಸಹಿ ಹಾಕಿದ್ದ. ಆ ಬೀದಿಯಲ್ಲಿ ಇಪ್ಪತ್ತು ವರ್ಷ ನಡೆದದ್ದೂ ಇದೇ ಎಂದು ಚೋಟಮ್ಮನಿಗೆ ಆಗ ಅರ್ಥವಾಯಿತು. ಪ್ರತಿಯೊಬ್ಬರೂ ಪಕ್ಕದ ಮನೆಯ ಗೋಡೆಯ ಮೇಲಿನ ಚೌಕಟ್ಟು ನೋಡಿಯೇ ಧೈರ್ಯ ತಂದುಕೊಂಡಿದ್ದರು.

ಭಾವ ಎದ್ದರು. ಚಹಾ ಕುಡಿದಿರಲಿಲ್ಲ. ಬಾಗಿಲ ಹತ್ತಿರ ಗುಳ್ಳೆ ಅಕ್ಕನ ಮುಂದೆ ನಿಂತರು.

"ವಾಪಸ್ ಕೇಳಿದ್ರೆ ಕೊಡ್ತಾರಾ?"

"ನಾಳೆ ಬೆಳಿಗ್ಗೇನೇ ಬರೆದು ಕೇಳಿ. ಸಹಿ ಹಾಕಿಸ್ಕೊಂಡು ಒಂದು ಪ್ರತಿ ಇಟ್ಕೊಳ್ಳಿ. ನಾನೂ ಜೊತೆಗೆ ಬರ್ತೀನಿ," ಎಂದಳು ಅವಳು. ಕೊಡುತ್ತಾರೆ ಎಂದು ಹೇಳಲಿಲ್ಲ. ಅವಳಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ.

ಶುಕ್ರವಾರ ಗೇಟಿನ ಮುಂದೆ ಉದ್ದ ಸಾಲು ನಿಂತಿತ್ತು. ಗಂಡ ಬೆಳಿಗ್ಗೆಯೇ ಅಲ್ಲಿಗೆ ಹೋದ. ಸಾಲಿನ ಉದ್ದಕ್ಕೂ ನಡೆಯುತ್ತ ಒಬ್ಬೊಬ್ಬರಿಗೂ ಹೇಳಿದ: ಕುಲುಮೆ ಒಡೆದಿದೆ, ನಾನು ಕಣ್ಣಾರೆ ನೋಡಿದೀನಿ, ಹಾಕಬೇಡಿ. ಐದು ತಿಂಗಳು ಸುಮ್ಮನಿದ್ದವನ ಮಾತು ಯಾರಿಗೆ ಬೇಕು. "ನಿಮ್ಮಣ್ಣ ಮೊದಲೇ ಪಟ್ಟೀಲಿ ಹೆಸರು ಬರೆಸ್ಕೊಂಡಾಯ್ತು, ಈಗ ನೀನು ನಮ್ಮನ್ನ ಓಡಿಸ್ತೀಯಾ," ಎಂದ ಒಬ್ಬ. ಇನ್ನೊಬ್ಬಳು ಅವನ ಕಾಲ ಬಳಿ ಉಗಿದಳು. ಅವಳ ಸಿಟ್ಟು ತಪ್ಪೆಂದು ಹೇಳುವುದು ಕಷ್ಟ; ಅವಳಿಗೆ ಮೂರು ಮಕ್ಕಳು. ಕೊನೆಗೆ ಸಾಲು ಬಿಟ್ಟು ಮನೆಗೆ ಹೋದವರು ಇಬ್ಬರೇ.

ಭಾವ ಕೊಟ್ಟ ಅರ್ಜಿಗೆ ಸೀಲು ಬಿತ್ತು. ಹಣ ಬರಲಿಲ್ಲ. ಎಂಟು ತಿಂಗಳ ಮೇಲೆ ಕಾರ್ಖಾನೆಯ ಕಬ್ಬಿಣವೆಲ್ಲ ಹರಾಜಾಯಿತು. ಕುಲುಮೆಯನ್ನು ಸುತ್ತಿಗೆಯಲ್ಲಿ ಒಡೆಯುವಾಗ ಒಳಗಿನಿಂದ ಕಂದು ಗಾಜಿನ ಬಂಡೆಗಳು ಉರುಳಿ ಬಂದವು. ಮಕ್ಕಳು ಚೂರುಗಳನ್ನು ಆಯ್ದುಕೊಂಡು ಹೋದರು.

ಚೋಟಮ್ಮ ಈಗ ಎರಡು ಕಚೇರಿಗಳಲ್ಲಿ ನೆಲ ಒರೆಸುತ್ತಾಳೆ. ಗಂಡ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಗಾಡಿ ತಳ್ಳುತ್ತಾನೆ. ಇಬ್ಬರದೂ ಸೇರಿದರೂ ಹಿಂದಿನ ಒಬ್ಬರ ಸಂಬಳಕ್ಕೆ ಸಮವಾಗುವುದಿಲ್ಲ. ಗುಳ್ಳೆ ಅಕ್ಕ ಹೇಳಿದಂತೆಯೇ ಒಂದು ವರ್ಷದ ಖರ್ಚು ಬ್ಯಾಂಕಿನಲ್ಲಿದೆ, ಮಗಳ ಓದಿನದು ಬೇರೆ ಇದೆ. ಉಳಿದ ಚಿಕ್ಕ ಗಂಟು ತಿಂಗಳಿಗಿಷ್ಟು ಎಂದು ಹಲವು ದೇಶಗಳ ಆ ದೊಡ್ಡ ಚೀಲಕ್ಕೆ ಹೋಗುತ್ತದೆ. ಆ ಫಂಡಿನ ಅರ್ಜಿಗೆ ಮೊದಲು ಸಹಿ ಹಾಕಿದ್ದು ಗಂಡನೇ. "ಇದರಲ್ಲಿ ಯಾವ ಕುಲುಮೆ ಸತ್ತಿದೆ, ಯಾವುದು ಬದುಕಿದೆ ಅಂತ ನಂಗೆ ಗೊತ್ತಿಲ್ಲ," ಎಂದ. "ಗೊತ್ತಿಲ್ಲ ಅಂತ ಒಪ್ಪಿಕೊಂಡು ಎಲ್ಲದರಲ್ಲೂ ಚೂರು ಇಡೋದೇ ವಾಸಿ." ಕಳೆದ ವರ್ಷ ಅದರ ಬೆಲೆ ಸ್ವಲ್ಪ ಇಳಿಯಿತು. ಅವರು ಮಾರಲಿಲ್ಲ. ಮಾರುವ ಗತಿ ಬರಲಿಲ್ಲ, ಬ್ಯಾಂಕಿನ ಹಣವಿತ್ತು. ಅಷ್ಟರಮಟ್ಟಿಗೆ ಅವರು ಗೆದ್ದರು ಎನ್ನಬೇಕು.

ಭಾವ ಒಂದು ಗೋದಾಮಿನ ಕಾವಲಿಗೆ ಹೋಗುತ್ತಾರೆ. ಅಣ್ಣ ತಮ್ಮಂದಿರು ಎದುರಾದರೆ ನಿಂತು ಮಾತಾಡುತ್ತಾರೆ, ಹವೆಯ ವಿಷಯ, ಕೆಮ್ಮಿನ ವಿಷಯ. ತಮಾಷೆ ಮಾತ್ರ ಆ ಮನೆಗೆ ಮತ್ತೆ ಬಂದಿಲ್ಲ.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಒಲೆಯ ಮೇಲೆ ಏನಾದರೂ ಇದ್ದರೆ ಇಳಿಸಿ ಬನ್ನಿ. ಎರಡು ಮಾತು ಕೇಳಿ.

ನಿಮಗೆ ಸಂಬಳ ಕೊಡುವ ಕಂಪನಿಯ ಮೇಲೆ ಪ್ರೀತಿ ಇರಲಿ. ಆದರೆ ಉಳಿತಾಯವನ್ನೂ ಅದರ ಕೈಗೇ ಕೊಡಬೇಡಿ. ಅದು ಬಿದ್ದ ದಿನ ನಿಮ್ಮ ಎರಡೂ ಕೈ ಒಟ್ಟಿಗೆ ಮುರಿಯುತ್ತವೆ. ಮೊದಲು ಆರು ತಿಂಗಳಿಂದ ಒಂದು ವರ್ಷದ ಖರ್ಚನ್ನು ಬೇಕೆಂದಾಗ ಸಿಗುವ ಕಡೆ ಇಡಿ. ಹೆಚ್ಚು ಬಡ್ಡಿಯ ಸಾಲವಿದ್ದರೆ ಅದನ್ನು ತೀರಿಸಿ. ಅದಾದ ಮೇಲೆ, ಹದಿನೈದು ಇಪ್ಪತ್ತು ವರ್ಷ ಮುಟ್ಟಬೇಕಾಗಿಲ್ಲದ ಹಣವಿದ್ದರೆ, ಅದರಲ್ಲೊಂದು ಪಾಲನ್ನು ಬೇರೆ ಬೇರೆ ದೇಶಗಳ ಬೇರೆ ಬೇರೆ ಕಂಪನಿಗಳಲ್ಲಿ ಹರಡುವ ನಿಧಿಗೆ ತಿಂಗಳು ತಿಂಗಳು ಹಾಕಿ. ಆ ನಿಧಿ ಸರ್ಕಾರದ ನಿಯಂತ್ರಣ ಸಂಸ್ಥೆಯಲ್ಲಿ ನೋಂದಾಯಿಸಿದ್ದೇ ಎಂದು ನೋಡಿ. ವರ್ಷಕ್ಕೆ ಎಷ್ಟು ಶುಲ್ಕ ಹಿಡಿಯುತ್ತಾರೆ, ತೆರಿಗೆ ಹೇಗೆ, ಹೊರದೇಶಕ್ಕೆ ಹಾಕಲು ಮಿತಿ ಇದೆಯೇ ಎಂದು ಕೇಳಿ. ನಾಚಿಕೆ ಬೇಡ, ಎರಡು ಸಲ ಕೇಳಿ. ನಾಮಿನಿಯ ಹೆಸರು ಬರೆಸಿ. ಬೆಲೆ ಇಳಿಯುವ ದಿನ ಬಂದೇ ಬರುತ್ತದೆ. ಆ ದಿನ ಹೆದರಿ ಮಾರದೇ ಇರಲು ಈಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಖಂಡಿತ ಲಾಭ, ಬೇಗ ಲಾಭ ಎನ್ನುವವರನ್ನು ಹೊಸ್ತಿಲಾಚೆಯೇ ನಿಲ್ಲಿಸಿ.

ಇನ್ನೊಂದು ಮಾತು. ನಿಮಗೆ ಏನಾದರೂ ಗೊತ್ತಿದ್ದರೆ, ಕೇಳಲು ಬಂದ ಅಣ್ಣನ ಮುಂದೆ ಸುಮ್ಮನಿರಬೇಡಿ.

ನಿಮ್ಮ ಮನೆಗೆ ಇನ್ನೂ ಸಂಬಳ ಬರುತ್ತಿದೆಯೇ? ಹಾಗಿದ್ದರೆ ಈ ವಾರವೇ ಗಂಡ ಹೆಂಡತಿ ಎದುರುಬದುರು ಕೂತು ಮಾತಾಡಿ. ಚೋಟಮ್ಮನ ಮನೆಯವರು ಮಾತಾಡಿದ್ದು ಸಂಬಳ ನಿಂತ ಮೇಲೆ.